ಬಲಗಾಲಿನ ಅಳತೆ

ಬಸುರಿಯ ಕಾಲು ಸೆಳೆತವನ್ನು ಯಾರೂ ಕಾಯಿಲೆ ಎಂದು ಒಪ್ಪುವುದಿಲ್ಲ. ವಾಂತಿಗೆ ಮರ್ಯಾದೆ ಇದೆ, ಸಕ್ಕರೆಗೆ ಇದೆ, ಬಿಪಿ ಎಂದರಂತೂ ಮನೆಯೇ ಎದ್ದು ನಿಲ್ಲುತ್ತದೆ. ಕಾಲು ಹಿಡಿದುಕೊಂಡಿತು ಎಂದರೆ ಮಾತ್ರ, ಅಯ್ಯೋ ಅದು ಎಲ್ಲರಿಗೂ ಆಗುತ್ತೆ ಎಂದು ಮುಂದಿನ ಮಾತಿಗೆ ಹೋಗಿಬಿಡುತ್ತಾರೆ. ಎಲ್ಲರಿಗೂ ಆಗುತ್ತದೆ ಎನ್ನುವುದರಿಂದ ನನಗೇನೂ ಸಮಾಧಾನವಾಗಲಿಲ್ಲ. ನೋವು ಬಂದಾಗ ಅಲ್ಲಿ ಎಲ್ಲರೂ ಇರಲಿಲ್ಲ, ನಾನೊಬ್ಬಳೇ ಇದ್ದೆ. ಹಾಗೆ ಒಬ್ಬಳೇ ಹಲ್ಲು ಕಚ್ಚಿಕೊಂಡು ಕೂತಿರುವವಳು ಯಾರಾದರೂ ಇದ್ದರೆ, ಇದು ಅವಳಿಗೆ.

ನನಗೆ ಆರನೇ ತಿಂಗಳಲ್ಲಿ ಶುರುವಾಯಿತು. ಬೆಳಗಿನ ಜಾವ, ಬೀದಿಗೆ ಹಾಲಿನ ಗಾಡಿ ಬರುವ ಹೊತ್ತು. ಮಗ್ಗುಲು ಬದಲಿಸುವಾಗ ಸ್ವಲ್ಪ ಮೈಮುರಿದು ಕಾಲು ಚಾಚಿದೆ, ಅಷ್ಟೇ. ಬಲಗಾಲಿನ ಮೀನಖಂಡ ಒಮ್ಮೆಗೇ ಗಂಟು ಕಟ್ಟಿ ಕಲ್ಲಾಯಿತು. ಕಾಲ್ಬೆರಳುಗಳು ತಮ್ಮಷ್ಟಕ್ಕೆ ತಾವೇ ಒಳಕ್ಕೆ ಮಡಚಿಕೊಂಡವು. ಹಿಡಿದು ಬಿಡಿಸೋಣವೆಂದರೆ ಹೊಟ್ಟೆ ಅಡ್ಡ, ಕೈ ನಿಲುಕುವುದಿಲ್ಲ. ನೋವು ಇದ್ದದ್ದು ಕಾಲಿನಲ್ಲಿ, ಆದರೆ ನನ್ನ ಎರಡೂ ಕೈ ಹೋಗಿದ್ದು ಹೊಟ್ಟೆಗೆ. ಹಿಂದಿನ ವರ್ಷ ಒಂದು ಮಗುವನ್ನು ಮೂರನೇ ತಿಂಗಳಲ್ಲೇ ಕಳೆದುಕೊಂಡಿದ್ದೆ. ಕಾರಣ ಡಾಕ್ಟರಿಗೂ ಗೊತ್ತಾಗಿರಲಿಲ್ಲ. ಅಂದಿನಿಂದ ಮೈಯಲ್ಲಿ ಎಲ್ಲಿ ಏನು ಚುಚ್ಚಿದರೂ, ಇದೂ ಹೋಗುತ್ತದಾ ಎನ್ನುವ ಒಂದೇ ಪ್ರಶ್ನೆ ಏಳುತ್ತಿತ್ತು. ಕಾಲು ನೋವಿಗೂ ಅದೇ ಪ್ರಶ್ನೆ.

ನನ್ನ ಗಂಡ ಪ್ರಸನ್ನ ಆಗ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ. ಅಶೋಕಪುರಂನ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಇರುತ್ತಿದ್ದುದು ನಾನು, ಮತ್ತು ಮುಂದಿನ ಕೋಣೆಯಲ್ಲಿ ಮಾವ. ನಮ್ಮ ಬೀದಿಯಲ್ಲಿ ಪೈಲ್ವಾನ್ ಸಿದ್ದಯ್ಯ ಎಂದರೆ ಈಗಲೂ ಮನೆ ತೋರಿಸುತ್ತಾರೆ. ಗರಡಿಯಲ್ಲಿ ಬೆಳೆದವರು. ಕುಸ್ತಿ ಬಿಟ್ಟು ಯಾವ ಕಾಲವಾಯಿತೋ, ಕಿವಿಗಳು ಮಾತ್ರ ಇನ್ನೂ ಹಿಂಡಿ ಇಟ್ಟ ಹಾಗೆ ಮುದುಡಿಕೊಂಡೇ ಇವೆ. ಅತ್ತೆ ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಅಮ್ಮನೂ ಇರಲಿಲ್ಲ. ಬಸುರಿಯ ಕಾಲು ಹಿಡಿಯಲು ಎರಡೂ ಕಡೆಯಿಂದ ಒಬ್ಬ ಹೆಂಗಸಿಲ್ಲದ ಮನೆ ನಮ್ಮದು.

ಮಾವನಿಗೆ ಕೇಳಿಸಬಾರದೆಂದು ನಾನು ದಿಂಬು ಕಚ್ಚಿಕೊಳ್ಳುತ್ತಿದ್ದೆ. ನಮ್ಮಲ್ಲಿ ಹಿರಿಯರಿಗೆ ಅಕಸ್ಮಾತ್ ಕಾಲು ತಾಗಿದರೂ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಅಂಥದ್ದರಲ್ಲಿ ಕಾಲು ನೋವು ಎಂದು ಕೂಗಿ, ಅವರು ಬಂದು, ಸೊಸೆಯ ಕಾಲು ಹಿಡಿಯುವುದುಂಟೇ? ನೋವಿಗಿಂತ ಆ ನಾಚಿಕೆಯೇ ದೊಡ್ಡದಾಗಿ ಕಾಣುತ್ತಿತ್ತು. ಕೆಲವು ದಿನ ಹೀಗೆ ನಡೆಯಿತು. ಒಂದು ದಿನ ನಿಂತರೆ ಸರಿಹೋಗುತ್ತದೆಂದು ಎದ್ದೆ, ಕಾಲು ನೆಲಕ್ಕೆ ಊರಲಿಲ್ಲ, ಸ್ಟೀಲ್ ಬಿಂದಿಗೆಯ ಮೇಲೆ ಒರಗಿ ಅದನ್ನು ಉರುಳಿಸಿದೆ. ಆ ಸದ್ದಿಗೆ ಇಡೀ ಬೀದಿಯೇ ಎದ್ದಿರಬೇಕು, ಮಾವ ಏಳದಿರುತ್ತಾರೆಯೇ?

ಅವರು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಮಡಚಿದ ಬೆರಳುಗಳನ್ನು ನೋಡಿದರು.

"ಮೀನಖಂಡ ಇಡ್ಕಂಡದೇನವ್ವ?" ಎಂದು ಕೇಳಿ, ಹೆಗಲ ಮೇಲಿನ ಟವಲನ್ನು ನನ್ನ ಕಡೆ ಎಸೆದರು. ಅದನ್ನು ಪಾದಕ್ಕೆ ಸುತ್ತಿ ಎರಡೂ ತುದಿ ನನ್ನ ಕಡೆಗೆ ಎಳೆದುಕೊಳ್ಳಬೇಕಂತೆ, ಬೆರಳು ಮುಖದ ಕಡೆ ತಿರುಗಬೇಕಂತೆ. ಅವರೂ ಮುಟ್ಟಬೇಕಿಲ್ಲ, ನನ್ನ ಮರ್ಯಾದೆಯೂ ಉಳಿಯಿತು ಎಂದು ಲೆಕ್ಕ ಹಾಕಿದ್ದರು ಕಾಣುತ್ತದೆ. ಆದರೆ ಟವಲು ಸುತ್ತುವುದಕ್ಕೂ ಪಾದ ನಿಲುಕಬೇಕಲ್ಲ. ಎರಡು ಸಲ ಜಾರಿತು. ಮೂರನೇ ಸಲ ನಾನು ಅತ್ತುಬಿಟ್ಟೆ. ಆಗ ಮಾವ ಒಳಗೆ ಬಂದು ನೆಲದ ಮೇಲೆ ಕೂತು ನನ್ನ ಪಾದವನ್ನು ಅಂಗೈಯಲ್ಲಿ ತೆಗೆದುಕೊಂಡರು. ನಾನು ಎಳೆದುಕೊಳ್ಳಲು ನೋಡಿದೆ.

"ಬುಡಿ ಮಾವ, ನೀವು ಮುಟ್ಟಬಾರ್ದು."

"ನೋವು ಬಂದಾಗ ಮಾವನ ಕೈ, ಸೊಸೆ ಕಾಲು ಅಂತೆಲ್ಲ ಇಲ್ಲ ಕಣವ್ವ. ಕಾಲು ಕಾಲೇ. ಸುಮ್ಕಿರು."

ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದು ಕೈಯಲ್ಲಿ ಬೆರಳು. ಮೆಲ್ಲಗೆ ಹಿಂದಕ್ಕೆ ಒತ್ತಿದರು. ಮುಖ ಮಾತ್ರ ಗೋಡೆಯ ಮೇಲಿನ ಬುದ್ಧನ ಪಟದ ಕಡೆ. ಗಂಟು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಂಡಿತು. ಮುಗಿದ ಮೇಲೆ ನಾನು ಅವರ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅವರು ಎದ್ದುಹೋಗಿ ಕಾಫಿಗೆ ನೀರಿಟ್ಟರು.

ಆಮೇಲಿನ ದಿನಗಳಲ್ಲಿ ನನ್ನ ಕಾಲು ಊರಿನ ಕಾಲಾಯಿತು. ಅಗ್ರಹಾರದಲ್ಲಿ ನನ್ನದೊಂದು ಪುಟ್ಟ ಬ್ಲೌಸ್ ಹೊಲಿಯುವ ಅಂಗಡಿ ಇದೆ. ಪಕ್ಕದ ಬಳೆ ಅಂಗಡಿಯ ಜಯಕ್ಕ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಒಂದು ಔಷಧಿ ಹೇಳುವರು, ಸಂಜೆ ಮುಚ್ಚುವಾಗ ಅದನ್ನು ಬೇಡವೆಂದು ಇನ್ನೊಂದು ಹೇಳುವರು. ಬಾಳೆಹಣ್ಣು ಎಂದರು, ಎಳ್ಳು ಎಂದರು, ಎಳನೀರಂತೂ ಅಂಗಡಿಗೇ ಬರತೊಡಗಿತು. ಬ್ಲೌಸ್ ತೆಗೆದುಕೊಂಡು ಹೋಗಲು ಬಂದವರು ಕೂಡ ಕೊಕ್ಕೆ ಸರಿಯಿದೆಯೇ ಎಂದು ನೋಡುವ ಮೊದಲು ನನ್ನ ಕಾಲು ನೋಡುತ್ತಿದ್ದರು. ಪ್ರಸನ್ನ ತನ್ನ ಪಾಲಿಗೆ ಮೊಬೈಲಿನಲ್ಲಿ ಓದಿ ಓದಿ, ಇದು ನೀರು ಕಡಿಮೆಯಾಗಿದ್ದಕ್ಕೆ ಎಂದು ಒಂದು ದಿನ, ಉಪ್ಪು ಕಡಿಮೆಯಾಗಿದ್ದಕ್ಕೆ ಎಂದು ಒಂದು ದಿನ ತೀರ್ಪು ಕೊಡುತ್ತಿದ್ದ. ಆ ಹೊತ್ತಿಗೆ ತಾನು ಮನೆಯಲ್ಲಿರುವುದಿಲ್ಲ ಎನ್ನುವ ಸಂಕಟ ಅವನಿಗೆ. ಅದನ್ನು ನೇರವಾಗಿ ಹೇಳಲು ಬಾರದೆ ಉಪ್ಪು, ನೀರು ಎನ್ನುತ್ತಿದ್ದ.

ಲಕ್ಷ್ಮೀಪುರಂನ ನರ್ಸಿಂಗ್ ಹೋಮಿನ ನಮ್ಮ ಡಾಕ್ಟರಮ್ಮ ಮಾತ್ರ ಬೇರೇನೋ ಕೇಳಿದರು: ಮಾತ್ರೆ ಹೇಗೆ ನುಂಗುತ್ತೀಯ? ಮರೆಯಬಾರದೆಂದು ಕಬ್ಬಿಣದ್ದು, ಕ್ಯಾಲ್ಸಿಯಂದು ಎಲ್ಲ ಒಟ್ಟಿಗೆ, ಬೆಳಗಿನ ಕಾಫಿಯ ಜೊತೆಗೆ ಎಂದೆ. ಅವರು ಪೆನ್ನು ಕೆಳಗಿಟ್ಟು, ಹಾಗೆ ನುಂಗಿದರೆ ಒಂದೂ ಮೈಗೆ ಹತ್ತುವುದಿಲ್ಲ ಎಂದು ನಕ್ಕರು. ಒಂದು ಬೆಳಿಗ್ಗೆ, ಒಂದು ರಾತ್ರಿ ಊಟದ ಮೇಲೆ, ಕಾಫಿ ಎರಡರಿಂದಲೂ ದೂರ ಎಂದು ಬರೆದುಕೊಟ್ಟರು. ಮಲಗುವ ಮುಂಚೆ ಗೋಡೆಗೆ ಕೈಯೂರಿ ಹಿಮ್ಮಡಿ ಎತ್ತದೆ ನಿಂತು ಮೀನಖಂಡ ಎಳೆಯುವುದನ್ನು ತಾವೇ ಎದ್ದು ನಿಂತು ತೋರಿಸಿದರು. ಸೆಳೆತ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ.

ಮಾವನೂ ತಮ್ಮ ಚಿಕಿತ್ಸೆ ಬಿಡಲಿಲ್ಲ. ಸಂಜೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಬಲಗಾಲಿನ ಮೀನಖಂಡಕ್ಕೆ ಉಜ್ಜುತ್ತಿದ್ದರು, ಕಣ್ಣು ಮಾತ್ರ ಟಿವಿಯ ವಾರ್ತೆಯ ಮೇಲೆ. ವಾರ್ತೆಯಲ್ಲಿ ಏನು ಬಂತು ಎಂದು ಕೇಳಿದರೆ ಒಂದೂ ಗೊತ್ತಿರುತ್ತಿರಲಿಲ್ಲ. ನಾನು ಪ್ರತಿ ಸಲ ಅವರ ಕೈ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ, ಅವರು ಪ್ರತಿ ಸಲ ಸಾಕು ಬುಡು ಎನ್ನುತ್ತಿದ್ದರು. ಅಮ್ಮ ಹೋದ ಮೇಲೆ ಯಾರೂ ನನ್ನ ಮೈಯ ನೋವನ್ನು ಇಷ್ಟು ಮನಸ್ಸಿಟ್ಟು ಕೇಳಿರಲಿಲ್ಲ. ಆ ಸಂಜೆಗಳಲ್ಲಿ ನಾನು ಸುಖವಾಗಿದ್ದೆ.

ಏಳನೇ ತಿಂಗಳು ಮುಗಿಯುತ್ತಾ ಬಂದಾಗ ತಪಾಸಣೆಗೆ ಹೋಗಿದ್ದೆ. ತೂಕ ನೋಡುವ ಸಿಸ್ಟರ್ ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿದರು, ಊತ ಇದ್ದರೆ ಎರಡೂ ಕಾಲಿಗೆ ಒಂದೇ ಸಮ ಇದೆಯಾ ಎಂದು. ಇದೆ ಎಂದೆ. ನೋಡಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು ಹೇಳಿದೆ. ಅಂಗಡಿಗೆ ಬಂದ ಮೇಲೆ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ದರ್ಜಿಯ ಕೊರಳಲ್ಲಿ ಅಳತೆ ಟೇಪು ಯಾವಾಗಲೂ ಇರುತ್ತದೆ. ಬ್ಲೌಸ್ ಹಾಕಿ ನೋಡಲು ಕಟ್ಟಿದ ಪರದೆಯ ಹಿಂದೆ ಹೋಗಿ, ಸ್ಟೂಲಿನ ಮೇಲೆ ಕಾಲಿಟ್ಟು, ಹೇಗೋ ಬಗ್ಗಿ ಎರಡೂ ಮೀನಖಂಡ ಅಳೆದೆ. ಬಲಗಾಲು ಒಂದು ಬೆರಳಿನಷ್ಟು ದಪ್ಪ ಇತ್ತು. ನಂಬದೆ ಮತ್ತೆ ಅಳೆದೆ. ಟೇಪು ಜಗ್ಗಿದೆಯೇನೋ ಎಂದು ಹೊಸ ಟೇಪು ತೆಗೆದು ಅಳೆದೆ. ಅಳತೆ ತಪ್ಪುವವಳಲ್ಲ ನಾನು.

ಒಂದೇ ಕಾಲು ಊದಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ಉಜ್ಜಿದರೆ ಹೆಪ್ಪು ಮೇಲಕ್ಕೆ ಹೋಗಿ ತಾಯಿಗೂ ಮಗುವಿಗೂ ಅಪಾಯ ಎಂದು ಪ್ರಸನ್ನನ ಮೊಬೈಲ್ ಹೇಳಿತು. ಆ ಸಂಜೆ ನಾನು ಮನೆಗೆ ಬಂದು ಅಳತೆ ಹೇಳಿ, ಪ್ರಸನ್ನ ಇದನ್ನು ಗಟ್ಟಿಯಾಗಿ ಓದಿದಾಗ ಮಾವ ಒಲೆಯ ಮುಂದೆ ಎಣ್ಣೆ ಬಿಸಿ ಮಾಡುತ್ತಿದ್ದರು. ಒಲೆ ಆರಿಸಿದರು. ಬಟ್ಟಲನ್ನು ಅಲ್ಲೇ ಬಿಟ್ಟು ಹೊರಗಿನ ಜಗಲಿಗೆ ಹೋಗಿ ಕೂತರು. ಡಾಕ್ಟರಮ್ಮನಿಗೆ ಫೋನ್ ಮಾಡಿದೆವು. ಉಸಿರಾಟ ಹೇಗಿದೆ, ಎದೆ ನೋವು ಇದೆಯೇ ಎಂದು ಕೇಳಿ, ಎರಡೂ ಇಲ್ಲವೆಂದ ಮೇಲೆ, ಕಾಲು ಮುಟ್ಟದೆ ಬೆಳಿಗ್ಗೆ ಮೊದಲು ಬನ್ನಿ, ನಡುವೆ ಏನಾದರೂ ಹೆಚ್ಚಾದರೆ ಕಾಯದೆ ಬಂದುಬಿಡಿ ಎಂದರು. ಪ್ರಸನ್ನನಿಗೆ ಪಾಳಿ ಬದಲಾಯಿಸಿಕೊಳ್ಳಲು ಆಗಲಿಲ್ಲ. ಬೆಳಿಗ್ಗೆ ಸೀದಾ ಅಲ್ಲಿಗೇ ಬರುತ್ತೇನೆ ಎಂದು ಹೋದ. ಅವನ ಮುಖ ನೋಡಿದರೆ ಹಿಂದಿನ ವರ್ಷದ ಮುಖವೇ.

ಬೆಳಿಗ್ಗೆ ಮಾವನೂ ನಾನೂ ಆಟೋದಲ್ಲಿ ಹೋದೆವು. ಡಾಕ್ಟರಮ್ಮ ಕಾಲು ಒತ್ತಿ ನೋಡಿದರು, ಅಳೆಯಲು ತಮ್ಮ ಡ್ರಾಯರಿನಲ್ಲಿ ಟೇಪು ಹುಡುಕಿದರು. ನಾನೇ ಚೀಲದಿಂದ ನನ್ನ ಟೇಪು ಕೊಟ್ಟೆ. ಅವರ ಅಳತೆಯೂ ಅದೇ ಬಂತು.

"ಮುಂಚೆ ಎಷ್ಟಿತ್ತು?" ಎಂದು ಕೇಳಿದರು.

ಬಂದವರಿಗೆಲ್ಲ ಅಳತೆ ಬ್ಲೌಸ್ ತಂದಿದ್ದೀರಾ, ಹಳೆಯದು ಇಲ್ಲದೆ ಹೊಸದು ಹೇಗೆ ಹೊಲಿಯಲಿ ಎಂದು ಗದರುವವಳು ನಾನು. ನನ್ನ ಕಾಲಿಗೆ ಒಂದು ಹಳೆಯ ಅಳತೆ ಇರಲಿಲ್ಲ. ಅವರು ಸ್ಕ್ಯಾನಿಗೆ ಬರೆದುಕೊಟ್ಟು, ಅದು ಆಗುವವರೆಗೆ ಯಾರೂ ಉಜ್ಜಬೇಡಿ ಎಂದರು. ಮೆಲ್ಲಗೇ ಹೇಳಿದ್ದು, ಆದರೆ ಬಾಗಿಲ ಬಳಿ ನಿಂತಿದ್ದ ಮಾವನಿಗೆ ಕೇಳಿಸಿತು.

ಸ್ಕ್ಯಾನ್ ಮಾಡುವ ಡಾಕ್ಟರ್ ಇನ್ನೂ ಬಂದಿರಲಿಲ್ಲ, ಕಾಯಬೇಕಿತ್ತು. ಬಸುರಿಯರೇ ತುಂಬಿದ ಆ ಸಾಲುಕುರ್ಚಿಗಳಲ್ಲಿ ಮಾವ ಒಬ್ಬರೇ ಗಂಡಸು. ಎದುರಿನ ಟಿವಿಯಲ್ಲಿ ಯಾರೋ ಸದ್ದಿಲ್ಲದೆ ಹೋಳಿಗೆ ಮಾಡುತ್ತಿದ್ದರು. ಮಾವ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದರು. ಅಷ್ಟು ದೊಡ್ಡ ದೇಹ ಅಷ್ಟು ಚಿಕ್ಕದಾಗಿ ಕೂತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ನಾನೇ ಉಜ್ಜಿದ್ದು ಕಣವ್ವ," ಎಂದರು, ನನ್ನ ಕಡೆ ನೋಡದೆ. "ಬಲ ಬುಟ್ಟು ಉಜ್ಜುಬುಟ್ಟೆ. ಕೂಸಿಗೇನಾರ ಆದ್ರೆ ನಿನ್ ಮಕ ಎಂಗೆ ನೋಡ್ಲಿ?"

ಏನೂ ಆಗಲ್ಲ ಎನ್ನಬೇಕಿತ್ತು. ಆದರೆ ನನಗೇ ನಂಬಿಕೆ ಇರಲಿಲ್ಲ. ಹಿಂದಿನ ವರ್ಷ ಇದೇ ಕುರ್ಚಿಯ ಸಾಲಿನಲ್ಲಿ ಕೂತು ಎಲ್ಲರಿಗೂ ಏನೂ ಆಗಲ್ಲ ಎಂದಿದ್ದೆ. ಅವರ ತೋಳಿನ ಮೇಲೆ ಕೈಯಿಟ್ಟು ಕೂತೆ.

ಆಗ ಆ ತೂಕದ ಸಿಸ್ಟರ್ ಬಂದರು. ಏನು ಕಂಡರೋ ನಮ್ಮಿಬ್ಬರ ಮುಖದಲ್ಲಿ, ನನ್ನನ್ನು ಪಕ್ಕದ ಕೋಣೆಗೆ ಕರೆದು ಮಗುವಿನ ಎದೆಬಡಿತ ಕೇಳುವ ಪುಟ್ಟ ಮಷೀನನ್ನು ಹೊಟ್ಟೆಗೆ ಒತ್ತಿದರು. ಯಾರೂ ಹೇಳಿರಲಿಲ್ಲ ಅವರಿಗೆ. ಮೊದಲು ಗೊರಗೊರ ಸದ್ದು, ಆಮೇಲೆ ಟಪಟಪ ಟಪಟಪ ಎಂದು ಓಡುವ ಸದ್ದು. ಬಾಗಿಲನ್ನು ಸಿಸ್ಟರ್ ಬೇಕೆಂದೇ ಅರ್ಧ ತೆರೆದಿಟ್ಟಿದ್ದರು.

"ನಿಮ್ ಕಾಲಿನ ಗಲಾಟೆ ಇದಕ್ಕೇನೂ ಗೊತ್ತಿಲ್ಲ ನೋಡಿ, ತನ್ನ ಪಾಡಿಗೆ ತಾನಿದೆ," ಎಂದರು.

ಹೊರಗೆ ಬಂದಾಗ ಮಾವ ಎದ್ದು ನಿಂತಿದ್ದರು, ಟವಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಆ ಸಿಸ್ಟರ್ ಅವರ ಋಣ ನಾನು ತೀರಿಸಲಾರೆ.

ಪ್ರಸನ್ನ ಕಾರ್ಖಾನೆಯ ಬಟ್ಟೆಯಲ್ಲೇ ಓಡಿ ಬಂದ. ಸ್ಕ್ಯಾನ್ ಕೋಣೆಯಲ್ಲಿ ತಣ್ಣನೆಯ ಜೆಲ್ಲಿ ಹಚ್ಚಿ, ತೊಡೆಯಿಂದ ಕೆಳಗಿನವರೆಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದರು. ನಾನು ಛಾವಣಿಯ ಫ್ಯಾನನ್ನೇ ನೋಡುತ್ತಿದ್ದೆ. ಕೊನೆಗೆ ಆ ಡಾಕ್ಟರ್ ಜೆಲ್ಲಿ ಒರೆಸಲು ಕಾಗದ ಕೊಡುತ್ತಾ, ಹೆಪ್ಪು ಎಲ್ಲೂ ಇಲ್ಲಮ್ಮ, ರಕ್ತ ಚೆನ್ನಾಗಿ ಓಡ್ತಿದೆ ಎಂದರು. ನಾನು ಆ ಕಾಗದದಲ್ಲಿ ಕಾಲು ಒರೆಸುವ ಬದಲು ಕಣ್ಣೊರೆಸಿಕೊಂಡೆ. ಅದರಲ್ಲಿ ಆಗಲೇ ಅವರ ಕೈಯ ಜೆಲ್ಲಿ ಇತ್ತು.

ಮತ್ತೆ ಡಾಕ್ಟರಮ್ಮನ ಮುಂದೆ ಕೂತಾಗ ಅವರು ನನ್ನ ಕೆಲಸದ ಬಗ್ಗೆ ವಿಚಾರಿಸಿದರು. ಹೊಲಿಗೆ ಎಂದೆ. ಮೋಟಾರಾ, ತುಳಿಯುವುದಾ? ತುಳಿಯುವುದು, ಅಮ್ಮನ ಮಷೀನು. ಯಾವ ಕಾಲು? ಆಗ ನನಗೆ ಹೊಳೆಯಿತು. ಅಗ್ರಹಾರದ ನಮ್ಮ ಹಳೆಯ ಬಾಡಿಗೆ ಮನೆಯ ಓಣಿಯಂಥ ಕೋಣೆಯಲ್ಲಿ ಮಷೀನಿನ ಎಡಕ್ಕೆ ಅಕ್ಕಿ ಡ್ರಮ್ಮು ಇರುತ್ತಿತ್ತು, ಎಡಗಾಲಿಗೆ ಜಾಗವಿರಲಿಲ್ಲ. ಅಮ್ಮ ಎಡಗಾಲನ್ನು ಸ್ಟೂಲಿನ ಮೇಲೆ ಮಡಚಿಟ್ಟು ಬಲಗಾಲೊಂದರಲ್ಲೇ ತುಳಿಯುತ್ತಿದ್ದಳು. ನಾನು ಹಾಗೇ ಕಲಿತೆ. ಈಗ ನನ್ನ ಅಂಗಡಿಯಲ್ಲಿ ಡ್ರಮ್ಮೂ ಇಲ್ಲ, ಇಕ್ಕಟ್ಟೂ ಇಲ್ಲ, ಆದರೂ ಎಡಗಾಲು ತಾನೇ ಮಡಚಿಕೊಳ್ಳುತ್ತದೆ.

"ಊತ ಅಲ್ಲ ಅದು, ದುಡಿಮೆ," ಎಂದರು ಡಾಕ್ಟರಮ್ಮ. ಅಳೆದು ಬಂದಿದ್ದಕ್ಕೆ ನನ್ನನ್ನು ಬೈಯಲಿಲ್ಲ. ಬಂದದ್ದೇ ಒಳ್ಳೆಯದು, ಇನ್ನೊಮ್ಮೆ ಅನುಮಾನ ಬಂದರೂ ಬಾ ಎಂದರು. ನೀವೂ ಅಷ್ಟೇ. ಒಂದು ಕಾಲು ಊದಿತು, ಕೆಂಪಾಯಿತು, ಬಿಸಿಯಾಯಿತು ಎನಿಸಿದರೆ ನಾಚಿಕೆ ಬಿಟ್ಟು ಹೋಗಿ ತೋರಿಸಿ. ಏನೂ ಇಲ್ಲ ಎಂದು ಕೇಳಿಸಿಕೊಂಡು ಬರುವುದಕ್ಕಿಂತ ದೊಡ್ಡ ಲಾಭ ಆ ಒಂಬತ್ತು ತಿಂಗಳಲ್ಲಿ ಬೇರೆ ಇಲ್ಲ.

ಹೊರಗೆ ಬಂದು ಮಾವನಿಗೆ ಹೇಳಿದಾಗ ಅವರು, ಬಲಗಾಲಲ್ಲಿ ನೀನು ನನ್ ಕೈಯ ತಳ್ಳೋ ಜೋರಿಗೇ ಇದು ದುಡ್ದಿರೋ ಕಾಲು ಅಂತ ನಂಗೆ ಅನ್ಸಿತ್ತು, ಸೊಸೆ ಕಾಲಿನ ಸುದ್ದಿ ನಾನೆಂಗೆ ಆಡ್ಲಿ ಎಂದರು. ಪ್ರಸನ್ನ ರಸ್ತೆಯಲ್ಲೇ ನಗತೊಡಗಿದ. ನಾನೂ ನಕ್ಕೆ. ಮಾವ ನಗಲಿಲ್ಲ.

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ, ಟ್ರಂಕು ತೆಗೆಸಿದ್ದು. ಅದರ ತಳದಲ್ಲಿ ಕಾಲೇಜಿಗೆ ಹೋಗುವಾಗ ಅಮ್ಮ ಹೊಲಿದುಕೊಟ್ಟ ನೀಲಿ ಚೂಡಿದಾರದ ಪ್ಯಾಂಟು ಇತ್ತು, ಅವಳ ಕೈಯದೆಂದು ಇಟ್ಟುಕೊಂಡಿದ್ದು. ಮಂಚದ ಮೇಲೆ ಹರಡಿ ಒಂದು ಕಾಲಿನ ಮೇಲೆ ಇನ್ನೊಂದನ್ನು ಮಡಚಿ ಇಟ್ಟೆ. ಮಂಡಿಯ ಕೆಳಗೆ ಬಲಗಾಲಿನ ಬಟ್ಟೆ ಹೊರಗೆ ಚಾಚಿಕೊಂಡಿತ್ತು. ಒಂದು ಬೆರಳಿನಷ್ಟು. ಅಮ್ಮನಿಗೆ ಗೊತ್ತಿತ್ತು. ಹರೆಯದ ಹುಡುಗಿಗೆ ನಿನ್ನ ಒಂದು ಕಾಲು ದಪ್ಪ ಎಂದು ಹೇಳಿದರೆ ಬೇಸರವಾದೀತೆಂದು, ಏನೂ ಹೇಳದೆ ಕತ್ತರಿಸುವಾಗಲೇ ಅಗಲ ಬಿಟ್ಟಿದ್ದಳು. ಡಾಕ್ಟರಮ್ಮ ಕೇಳಿದ ಹಳೆಯ ಅಳತೆ ಇಷ್ಟು ವರ್ಷ ನನ್ನ ಟ್ರಂಕಿನಲ್ಲೇ ಇತ್ತು. ಆ ಪ್ಯಾಂಟನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ. ಅಮ್ಮ ಇಲ್ಲದೆ ಹೆರಬೇಕಲ್ಲ ಎಂಬ ದುಃಖವನ್ನು ಅಲ್ಲಿಯವರೆಗೆ ನಾನು ಅತ್ತು ಮುಗಿಸಿಯೇ ಇರಲಿಲ್ಲ.

ಸೆಳೆತ ಆಮೇಲೂ ಬರುತ್ತಲೇ ಇತ್ತು. ಆದರೆ ಮಾವ ಎಣ್ಣೆಯ ಬಟ್ಟಲು ಮುಟ್ಟಲಿಲ್ಲ. ಡಾಕ್ಟರಮ್ಮ ಮೆಲ್ಲಗೆ ಉಜ್ಜಬಹುದು ಎಂದಿದ್ದಾರೆ ಎಂದರೂ ಕೇಳಲಿಲ್ಲ. ನಾನು ನರಳಿದ್ದು ಕೇಳಿದರೆ ಬಾಗಿಲಿಗೆ ಬಂದು, ಟವಲು ಎಸೆದು, ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಆ ಕೈಗಳನ್ನು ಕಂಡರೆ ನನಗೆ ಕಾಲಿನದಕ್ಕಿಂತ ಹೆಚ್ಚಿನ ನೋವಾಗುತ್ತಿತ್ತು.

ಒಂಬತ್ತನೇ ತಿಂಗಳ ಒಂದು ಬೆಳಗಿನ ಜಾವ ಹಾಲಿನ ಗಾಡಿ ಬಂದು ಹೋದ ಮೇಲೆ ಮತ್ತೆ ಹಿಡಿಯಿತು. ಮಾವ ಬಂದರು, ಟವಲು ಬಂತು. ನಾನು ಅದನ್ನು ಪಕ್ಕಕ್ಕೆ ಇಟ್ಟೆ. ಮಂಚದ ಅಂಚಿಗೆ ಸರಿದು, ಬಲಗಾಲನ್ನು ಅವರ ಕಡೆಗೆ ನಾನೇ ಚಾಚಿದೆ. ಹಿರಿಯರ ಎದುರು ಕಾಲು ಚಾಚಿ ಕೂರುವ ಹೆಣ್ಣಲ್ಲ ನಾನು, ಅವರಿಗೂ ಅದು ಗೊತ್ತು.

"ಹಿಡ್ಕೊಳಿ ಮಾವ. ಟವಲ್ ಕೈಲಿ ಆಗಲ್ಲ."

ಅವರು ನಿಂತೇ ಇದ್ದರು. ಆಮೇಲೆ ನೆಲಕ್ಕೆ ಕೂತು ಪಾದವನ್ನು ಅಂಗೈಯಲ್ಲಿ ತೆಗೆದುಕೊಂಡರು. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಗಂಟು ಬಿಟ್ಟ ಮೇಲೆ ನನಗೆ ಬಗ್ಗಿ ಅವರ ಕೈ ಮುಟ್ಟಲು ಆಗಲಿಲ್ಲ, ಹೊಟ್ಟೆ ಅಷ್ಟು ಬೆಳೆದಿತ್ತು. ಅವರೇ ತಮ್ಮ ಕೈಗಳನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಗಾಬರಿಯಾಗಿ ಇದೇನು ಮಾವ ಎಂದೆ.

"ನಿಂಗಲ್ಲ ಬುಡು, ಒಳಗಿರೋರಿಗೆ," ಎಂದು ಎದ್ದುಹೋದರು. ಅವತ್ತಿನ ಕಾಫಿಗೆ ಸಕ್ಕರೆ ಹೆಚ್ಚಾಗಿತ್ತು.

ಒಳಗಿದ್ದವಳು ದಿನ ತುಂಬಿಯೇ ಹೊರಗೆ ಬಂದಳು, ಗಟ್ಟಿಯಾಗಿ ಅತ್ತಳು. ಸೆಳೆತ ಅವಳ ಜೊತೆಗೇ ಹೋಯಿತು. ಈಗ ಬೆಳಗಿನ ಜಾವ ಎಚ್ಚರವಾದರೆ ಅದು ಅವಳ ಹಸಿವಿಗೆ. ಹಾಲು ಕುಡಿದ ಮೇಲೆ ಮಾವ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎರಡೂ ಪಾದಗಳನ್ನು ಒಂದೇ ಅಂಗೈಗೆ ಒರಗಿಸಿಕೊಳ್ಳುತ್ತಾರೆ. ಅವಳು ಒದೆಯುತ್ತಾಳೆ, ಇವರು ಸೋತ ಹಾಗೆ ಕೈ ಹಿಂದಕ್ಕೆ ತೆಗೆಯುತ್ತಾರೆ.

"ಇವಳ್ದೂ ಬಲಗಾಲೇ ಜೋರು ಕಣವ್ವ," ಎಂದರು ಮೊನ್ನೆ.

ಕೂಸಿನ ಕಾಲುಗಳು ಎರಡೂ ಒಂದೇ ಸಮ, ನಾನು ನೋಡಿದ್ದೇನೆ. ಆದರೂ ಹೆಸರಿಡುವ ದಿನಕ್ಕೆಂದು ಅಮ್ಮನ ಮಷೀನಿನ ಮೇಲೆ ಅವಳಿಗೊಂದು ಪೈಜಾಮ ಹೊಲಿದಾಗ, ಬಲಗಾಲಿನ ಕಡೆ ಬಟ್ಟೆಯನ್ನು ಒಂದು ಬೆರಳು ಅಗಲ ಬಿಟ್ಟೆ. ಯಾರಿಗೂ ಹೇಳಲಿಲ್ಲ.